ಗುಳಿಗೆಯಲ್ಲ, ಉತ್ತರ ಬೇಕು

ಗಿರಣಿ ಕಾರ್ಮಿಕ ಬಾಂಧವರೇ, ಸಣ್ಣ ವ್ಯಾಪಾರಿ ಬಾಂಧವರೇ,

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದುಡಿಯುವವನು ಸೊಂಟ ಹಿಡಿದುಕೊಂಡು ದವಾಖಾನೆಗೆ ಹೋಗಿ, “ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತೇನೆ” ಎಂದರೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: “ಚೀಲ ಹೊರುವವನಿಗೆ ಬೆನ್ನು ನೋಯದೆ ಇರುತ್ತದೆಯೇ? ಗುಳಿಗೆ ತಗೋ, ಹೋಗು.” ಇದು ಉತ್ತರವಲ್ಲ. ಉತ್ತರ ಕೊಡುವ ಹೊಣೆಯಿಂದ ನುಣುಚಿಕೊಳ್ಳುವ ದಾರಿ.

ಚೀಲ ಹೊತ್ತರೆ ಬೆನ್ನು ನೋಯುತ್ತದೆ, ಒಪ್ಪೋಣ. ಆದರೆ ಚೀಲ ಹೊತ್ತರೆ ಮೂತ್ರ ಏಕೆ ಹೆಚ್ಚಬೇಕು? ಮೂತ್ರಪಿಂಡದಲ್ಲಿ ಕಲ್ಲಿರಬಹುದು. ಮೂತ್ರದ ಸೋಂಕು ಮೇಲಕ್ಕೇರಿರಬಹುದು. ಸಕ್ಕರೆ ರೋಗವಿರಬಹುದು. ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿ ಊದಿರಬಹುದು. ರೋಗ ಬೇರೆ ಬೇರೆಯಾದರೆ ಮದ್ದೂ ಬೇರೆ ಬೇರೆ. ಹೀಗಿರುವಾಗ ಎಲ್ಲರಿಗೂ ಒಂದೇ ನೋವಿನ ಗುಳಿಗೆ ಯಾವ ನ್ಯಾಯ? ದಿನವೂ ನುಂಗಿದರೆ ಆ ಗುಳಿಗೆಯೇ ಮೂತ್ರಪಿಂಡಕ್ಕೆ ಕೇಡು ಮಾಡಬಲ್ಲದು.

ಇನ್ನೊಂದು ಕಾರಣ ನಮ್ಮ ಕೊಡದಲ್ಲೇ ಕುಳಿತಿರಬಹುದು. ಕಲಬುರಗಿ ಜಿಲ್ಲೆಯ ಕೆಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿದೆಯೆಂದು ಸರಕಾರದ ಕಾಗದಗಳೇ ಹೇಳುತ್ತವೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಇದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆಯಲ್ಲಿ ಕೂಡಿ ಬೆನ್ನು, ಕುತ್ತಿಗೆ, ಕೀಲುಗಳು ಬಿಗಿಯುತ್ತವೆ. ಅತಿ ಬಾಯಾರಿಕೆ, ಪದೇ ಪದೇ ಮೂತ್ರ ಕೂಡ ಇದರ ಲಕ್ಷಣಗಳಲ್ಲಿ ಸೇರಿವೆ. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ.

ಇದೇನು ನಿನ್ನೆ ಕಂಡ ರೋಗವೇ? ನಮ್ಮ ದೇಶದಲ್ಲಿ ಇದು ಬೆಳಕಿಗೆ ಬಂದದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದಲ್ಲಿ. ಇದರ ತಡೆಗೆ ಕೇಂದ್ರ ಸರಕಾರ ರಾಷ್ಟ್ರೀಯ ಕಾರ್ಯಕ್ರಮ ಹೂಡಿದ್ದು 2008-09ರಲ್ಲಿ. 2019ರಲ್ಲಿ ಜಲಜೀವನ ಯೋಜನೆ ಬಂತು. ಹಳ್ಳಿಗೆ 5 ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದು ಅದರ ನಿಯಮವೇ ಹೇಳುತ್ತದೆ. ನಿಮ್ಮ ಊರಲ್ಲಿ ಆ ಐವರು ಯಾರು? ಪರೀಕ್ಷೆಯ ಫಲವೇನು? ಪಂಚಾಯತಿಯನ್ನು ಕೇಳಿ.

ಗಿರಣಿಯ ಧಣಿಗಳಿಗೂ ನಮ್ಮ ಪ್ರಶ್ನೆಯುಂಟು. 40 ಡಿಗ್ರಿ ದಾಟುವ ಬಿಸಿಲಲ್ಲಿ ಕುಡಿಯಲು ನೀರಿಲ್ಲ, ಹೋಗಲು ಶೌಚಾಲಯವಿಲ್ಲ ಎಂದರೆ ಆಳು ನೀರು ಕುಡಿಯುವುದನ್ನೇ ಬಿಡುತ್ತಾನೆ. ಹೆಣ್ಣುಮಕ್ಕಳು ಪಾಳಿ ಮುಗಿಯುವವರೆಗೆ ಮೂತ್ರ ತಡೆಯುತ್ತಾರೆ. ಕಲ್ಲಿಗೂ ಸೋಂಕಿಗೂ ಇದಕ್ಕಿಂತ ಸುಲಭದ ದಾರಿ ಬೇಕೆ? ಕಾರ್ಖಾನೆ ಕಾಯಿದೆ ಬರೆದದ್ದು 1948ರಲ್ಲಿ. ನೀರು, ಶೌಚಾಲಯ ಎರಡೂ ಧಣಿಯ ಹೊಣೆಯೆಂದು ಅಂದೇ ವಿಧಿಸಲಾಯಿತು. ಅವು ದಾನವಲ್ಲ, ಹಕ್ಕು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಬೆನ್ನುನೋವು, ಪದೇ ಪದೇ ಮೂತ್ರವೆಂದು ಬಂದವರಿಗೆ ಗುಳಿಗೆಗೆ ಮುನ್ನ ಮೂತ್ರಪರೀಕ್ಷೆ, ರಕ್ತದ ಸಕ್ಕರೆ ಪರೀಕ್ಷೆ ಆಗಬೇಕು. ಬೇಕಾದವರಿಗೆ ಕ್ರಿಯಾಟಿನಿನ್ ಪರೀಕ್ಷೆ, ಸ್ಕ್ಯಾನಿಂಗ್ ತಾಲ್ಲೂಕಿನಲ್ಲೇ ಸಿಗಬೇಕು. ಪ್ರತಿ ಕೊಳವೆಬಾವಿಯ ಪಕ್ಕದ ಗೋಡೆಯ ಮೇಲೆ ಫ್ಲೋರೈಡಿನ ಅಂಕಿ, ಪರೀಕ್ಷಿಸಿದ ದಿನಾಂಕ ಬರೆಯಬೇಕು.

ಒಂದು ಎಚ್ಚರಿಕೆ. ನೋವಿನೊಡನೆ ಚಳಿಜ್ವರ, ಮೂತ್ರದಲ್ಲಿ ರಕ್ತ, ಕಾಲು ಜೋಮು, ಇಲ್ಲವೆ ಮೂತ್ರ ಕಟ್ಟುವುದು ಕಂಡರೆ ಒಂದು ದಿನವೂ ಕಾಯದೆ ದೊಡ್ಡ ದವಾಖಾನೆಗೆ ಹೋಗಿ. ಸಂಜೆಯ ಜ್ವರದೊಡನೆ ಮೈ ಇಳಿಯುತ್ತಿದ್ದರೆ ಬೆನ್ನುಮೂಳೆಯ ಕ್ಷಯವಿದೆಯೇ ಎಂದು ಕೇಳಿ.

ಊರಿನ ಮೂಟೆಗಳನ್ನು ಹೊತ್ತ ಬೆನ್ನು ಇದು. ಅದರ ನೋವಿಗೆ ಹೆಸರು ಕೇಳುವುದು ಭಿಕ್ಷೆಯಲ್ಲ. ಒಬ್ಬೊಬ್ಬರೇ ಹೋದರೆ ಗುಳಿಗೆ ಕೊಟ್ಟು ಕಳಿಸುತ್ತಾರೆ. ಕೂಡಿ ಹೋಗೋಣ, ಉತ್ತರ ಪಡೆದೇ ಬರೋಣ.