ಅರ್ಧ ನಿಮಿಷದ ವಾರ್ತೆ

ಸಿರುಗುಪ್ಪದಿಂದ ದಿನವೂ ಬಸ್ಸಿನಲ್ಲಿ ಬಳ್ಳಾರಿಗೆ ಬಂದು ಓದುವ ನನ್ನ ವಿದ್ಯಾರ್ಥಿಯೊಬ್ಬನು ಕೆಲವು ತಿಂಗಳ ಹಿಂದೆ ಒಂದು ಕಾಗದವನ್ನು ನನ್ನ ಮುಂದಿಟ್ಟು, "ಸಾರ್, ಇದನ್ನೊಮ್ಮೆ ನೋಡಿಕೊಡಿ" ಎಂದನು. ಭೌತಶಾಸ್ತ್ರದ ಲೆಕ್ಕವಿರಬಹುದೆಂದು ಕೈಗೆತ್ತಿಕೊಂಡರೆ, ಅದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಮಾಹಿತಿ ಪ್ರಸಾರವಾಗಿತ್ತು! ಹುಡುಗನು ಬಿಡುವಿನ ವೇಳೆಯಲ್ಲಿ 'ವ್ಯಾಟ್ಸಿಮ್' ಎಂಬ ಜಾಲದಲ್ಲಿ ವಿಮಾನ ಸಂಚಾರ ನಿಯಂತ್ರಕನ ಪಾತ್ರವನ್ನು ವಹಿಸುತ್ತಾನಂತೆ. 2001ರಲ್ಲಿ ಆರಂಭವಾದ ಈ ಜಾಲದಲ್ಲಿ ವಿಮಾನ ಹಾರಿಸುವವರೂ ಅವರಿಗೆ ದಾರಿ ಹೇಳುವವರೂ ತಂತಮ್ಮ ಮನೆಯ ಕಂಪ್ಯೂಟರಿನ ಮುಂದೆಯೇ ಕುಳಿತಿರುತ್ತಾರೆ. ವಿಮಾನವೇನೋ ಕಲ್ಪಿತ, ಆದರೆ ಗಾಳಿ, ಮೋಡ, ವಾಯುಭಾರಗಳು ಸಾಮಾನ್ಯವಾಗಿ ಆ ಹೊತ್ತಿನ ನಿಜವಾದ ಹವಾ ವರದಿಯಿಂದಲೇ ಬಂದವು.

ಈ ಮಾಹಿತಿ ಪ್ರಸಾರಕ್ಕೆ 'ಏಟಿಸ್' ಎಂದು ಹೆಸರು. ಬರುವ ಹೋಗುವ ಪ್ರತಿಯೊಬ್ಬ ಪೈಲಟನಿಗೂ ಗಾಳಿ ಎತ್ತ, ರನ್‌ವೇ ಯಾವುದು ಎಂದು ನಿಯಂತ್ರಕನು ಮತ್ತೆ ಮತ್ತೆ ಹೇಳುತ್ತ ಕುಳಿತರೆ ಅವನ ಮುಖ್ಯ ಕೆಲಸ ನಡೆಯುವಂತಿಲ್ಲ. ಆದುದರಿಂದ ಅವೆಲ್ಲವನ್ನೂ ಒಮ್ಮೆ ಹೇಳಿಟ್ಟು, ಬೇರೊಂದು ರೇಡಿಯೋ ತರಂಗದಲ್ಲಿ ಅದನ್ನೇ ಸುತ್ತಿ ಸುತ್ತಿ ಕೇಳಿಸುತ್ತಾರೆ. ಪ್ರತಿ ಹೊಸ ವಾರ್ತೆಗೂ ಆಲ್ಫಾ, ಬ್ರಾವೋ, ಚಾರ್ಲಿ ಎಂದು ಅನುಕ್ರಮವಾಗಿ ಒಂದು ಅಕ್ಷರವುಂಟು. ಪೈಲಟನು ಮೊದಲ ಮಾತಿನಲ್ಲಿ "ಚಾರ್ಲಿ ಕೇಳಿದ್ದೇನೆ" ಎಂದರೆ ಸಾಕು, ಅವನಿಗೆ ಏನೇನು ಗೊತ್ತೆಂಬುದು ನಿಯಂತ್ರಕನಿಗೆ ತಿಳಿಯುತ್ತದೆ.

ನನ್ನ ಶಿಷ್ಯನ ಕಾಗದದಲ್ಲಿ ಮೊದಲಿಗೆ ಸ್ವಾಗತ. ಅನಂತರ ಉದ್ಯಾನನಗರಿಯ ಪ್ರಶಂಸೆ. ನಕ್ಷೆಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕೆಂಬ ವಿನಂತಿ. ಕೊನೆಗೆ ಶುಭ ಹಾರೈಕೆ. ಇವುಗಳ ನಡುವೆ ಎಲ್ಲೋ ಗಾಳಿ. ಗಡಿಯಾರ ಹಿಡಿದು ಗಟ್ಟಿಯಾಗಿ ಓದಿಸಿದೆ: ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಾದರೋ, ಸಾಧ್ಯವಿದ್ದಷ್ಟೂ ಇದು 30 ಸೆಕೆಂಡನ್ನು ಮೀರಬಾರದು, ಅವಸರದಿಂದ ಓದಿ ಅಸ್ಪಷ್ಟವೂ ಆಗಬಾರದು ಎಂದು ವಿಧಿಸಿದೆ.

"ಇದು ಆಟ ತಾನೆ, ಸಾರ್?" ಎಂದನು ಹುಡುಗ. ಈ ಮಾತನ್ನು ನಾನು ಒಪ್ಪಲಾರೆ. ಆಟದಲ್ಲಿ ಕಲಿತ ಸಡಿಲತೆಯು ಆಟಕ್ಕೇ ನಿಲ್ಲುವುದಿಲ್ಲ. ಮೇಲಾಗಿ ಕೇಳುವವನ ಸ್ಥಿತಿಯನ್ನು ಊಹಿಸಿ ನೋಡಿ. ಇಳಿಯಲು ಬರುತ್ತಿರುವ ವಿಮಾನದ ವೇಗ 250 ನಾಟ್ ಎಂದಿಟ್ಟುಕೊಳ್ಳಿ. ವಾಯುಭಾರದ ಒಂದಂಕಿ ಕಿವಿಗೆ ತಪ್ಪಿತು. ಮತ್ತೆ ಅದು ಸುತ್ತಿ ಬರಬೇಕು. ಆ ಎರಡು ನಿಮಿಷಗಳಲ್ಲಿ ವಿಮಾನವು ಸುಮಾರು 15 ಕಿಲೋಮೀಟರು ಮುಂದೆ ಬಂದಿರುತ್ತದೆ! ಕೇಳದೆಯೇ ಅಂದಾಜಿನಲ್ಲಿ ಹೋದರೆ ಏನಾದೀತು? ವಿಮಾನದ ಎತ್ತರಮಾಪಕವು ನಿಜವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ಸಮುದ್ರಮಟ್ಟದ ಒತ್ತಡ ಇಷ್ಟೆಂದು ನಾವು ಹೊಂದಿಸಿಕೊಟ್ಟರೆ ಅದರಿಂದ ಎತ್ತರವನ್ನು ತೋರಿಸುತ್ತದೆ. ಇರುವುದು 1008 ಹೆಕ್ಟೋಪಾಸ್ಕಲ್, ಪೈಲಟನು ಹೊಂದಿಸಿದ್ದು 1018 ಎಂದಾದರೆ, ಮುಳ್ಳು ಸುಮಾರು 270 ಅಡಿ ಹೆಚ್ಚಿಗೆ ತೋರಿಸುತ್ತದೆ. ಎಂದರೆ ವಿಮಾನವು ತಾನೆಣಿಸಿದ್ದಕ್ಕಿಂತ ಅಷ್ಟು ಕೆಳಗಿದೆ. ಇಂಥ ಅಂಕಿಯನ್ನು ಉದ್ಯಾನನಗರಿಯ ವರ್ಣನೆಯಲ್ಲಿ ಹೂತಿಡಬಹುದೆ?

ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಂಥ ಜನಸಂದಣಿಯಲ್ಲಿ ಮಗು ತಪ್ಪಿಸಿಕೊಂಡರೆ ಧ್ವನಿವರ್ಧಕದ ಮುಂದೆ ನಿಂತವನು ಏನು ಹೇಳುತ್ತಾನೆ? ಹೆಸರು, ವಯಸ್ಸು, ಅಂಗಿಯ ಬಣ್ಣ, ಬಂದು ಸೇರಬೇಕಾದ ಸ್ಥಳ. ಯಾರೂ ಅವನಿಗೆ ಪಾಠ ಹೇಳಿರುವುದಿಲ್ಲ. ತಾಯಿಯ ಮುಖ ಎದುರಿಗಿರುವುದರಿಂದ ಮಾತು ತಾನಾಗಿಯೇ ಅಳತೆಗೆ ಬರುತ್ತದೆ. ನಮ್ಮ ವಿದ್ಯಾರ್ಥಿಗಳು ಉದ್ದುದ್ದ ಬರೆಯುವುದು ಎದುರಿಗೆ ಕೇಳುವವರಿಲ್ಲದೆ, ಪುಟ ಎಣಿಸುವವರು ಮಾತ್ರ ಇರುವುದರಿಂದ. ಉತ್ತರ ಪತ್ರಿಕೆಯ ದಪ್ಪವನ್ನು ನೋಡಿ ಮೆಚ್ಚುವ ಉಪಾಧ್ಯಾಯರಲ್ಲಿ ನಾನೂ ಒಬ್ಬನಾಗಿದ್ದೆನೆಂದು ಒಪ್ಪಿಕೊಳ್ಳಬೇಕು.

ಮರುವಾರ ಹುಡುಗನು ಹೊಸ ಪ್ರತಿ ತಂದನು. "ಬೆಂಗಳೂರು, ಮಾಹಿತಿ ಚಾರ್ಲಿ, ವೇಳೆ 0630, ರನ್‌ವೇ 27 ಬಲ, ಗಾಳಿ 260 ಡಿಗ್ರಿ 14 ನಾಟ್, ಗೋಚರ ದೂರ 6 ಕಿಲೋಮೀಟರ್, ಚದುರಿದ ಮೋಡ 2000 ಅಡಿ, ಉಷ್ಣತೆ 27, ಕ್ಯೂಎನ್‌ಎಚ್ 1012" — ಅವನ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ವೇಳೆಯು ವಿಶ್ವಕಾಲಮಾನದ್ದು, ನಮ್ಮಲ್ಲಿ ಆಗ ಮಧ್ಯಾಹ್ನ 12. ಗಾಳಿ ಪಶ್ಚಿಮದಿಂದ ಬೀಸುತ್ತಿರುವುದರಿಂದ ಅದಕ್ಕೆ ಎದುರಾಗಿ ಪಶ್ಚಿಮಕ್ಕೆ ಮುಖಮಾಡುವ 27ನೆಯ ರನ್‌ವೇ. ಎಲ್ಲವೂ ಸರಿ; ಅರ್ಧ ನಿಮಿಷವೂ ಹಿಡಿಯಲಿಲ್ಲ.

ಆದರೆ ಸಂಕ್ಷೇಪದ ಉತ್ಸಾಹದಲ್ಲಿ ಅವನು ಇಬ್ಬನಿ ಬಿಂದುವನ್ನೂ ಅಳಿಸಿಹಾಕಿದ್ದನು. "ಉಷ್ಣತೆ ಇದೆಯಲ್ಲ ಸಾರ್, ಇನ್ನೊಂದು ಉಷ್ಣತೆ ಏಕೆ?" ಎಂಬುದು ಅವನ ವಾದ. ಡಿಸೆಂಬರ್, ಜನವರಿಯ ಬೆಳಗಿನ ಜಾವಗಳಲ್ಲಿ ಅದೇ ವಿಮಾನ ನಿಲ್ದಾಣವನ್ನು ಮಂಜು ಮುಸುಕಿ ವಿಮಾನಗಳು ತಡವಾಗುವುದನ್ನು ನೆನಪಿಸಿದೆ. ರಾತ್ರಿಯಲ್ಲಿ ನೆಲವು ಶಾಖವನ್ನು ಕಳೆದುಕೊಂಡು, ಅದಕ್ಕೆ ತಾಗಿದ ಗಾಳಿ ತಣಿಯುತ್ತ ಹೋಗಿ ಇಬ್ಬನಿ ಬಿಂದುವನ್ನು ಮುಟ್ಟಿದಾಗ ಆವಿಯು ಹನಿಗಟ್ಟುತ್ತದೆ. "ಉಷ್ಣತೆ 16, ಇಬ್ಬನಿ ಬಿಂದು 16 ಎಂದು ಕೇಳಿದ ಪೈಲಟನು ಏನು ಮಾಡುತ್ತಾನೆ?" ಎಂದು ಕೇಳಿದೆ. ಹುಡುಗನು ಕ್ಷಣಕಾಲ ಯೋಚಿಸಿ, "ಬೇರೆ ಊರಿಗೆ ಹೋಗುವಷ್ಟು ಇಂಧನ ಇದೆಯೇ ಎಂದು ನೋಡಿಕೊಳ್ಳುತ್ತಾನೆ" ಎಂದು ಹೇಳಿ, ಜೇಬಿನಿಂದ ಪೆನ್ನು ತೆಗೆದನು.