ಅನಾಥರನ್ನು ಸೃಷ್ಟಿಸುವ ಸೇವೆ

ಸೆಮಿಸ್ಟರ್ ಪರೀಕ್ಷೆ ಮುಗಿಯುವ ಹೊತ್ತಿಗೆ ಕಾಲೇಜು ಹುಡುಗ ಹುಡುಗಿಯರ ಮೊಬೈಲಿಗೆ ಒಂದು ಬಗೆಯ ಜಾಹೀರಾತು ಬರತೊಡಗುತ್ತದೆ. ನೇಪಾಳದಲ್ಲಿ ಎರಡು ವಾರ ಅಥವಾ ಕಾಂಬೋಡಿಯಾದಲ್ಲಿ ಒಂದು ತಿಂಗಳು ಇದ್ದು ಬನ್ನಿ. ಅನಾಥ ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ಅವರ ಜೊತೆ ಆಡಿ, ಪ್ರಮಾಣಪತ್ರ ಪಡೆಯಿರಿ. ಶಿಕ್ಷಕ ತರಬೇತಿ ಬೇಕಿಲ್ಲ, ಅಲ್ಲಿನ ಭಾಷೆ ಬರಬೇಕಿಲ್ಲ, ಶುಲ್ಕ ಕಟ್ಟಿದರೆ ಸಾಕು. ಯುರೋಪ್, ಅಮೆರಿಕ, ಆಸ್ಟ್ರೇಲಿಯಾದ ಯುವಕರು ಇಪ್ಪತ್ತು ವರ್ಷಗಳಿಂದ ಹೀಗೆ ಹೋಗುತ್ತಿದ್ದಾರೆ. ಈಗ ನಮ್ಮ ಮಧ್ಯಮ ವರ್ಗದ ಮಕ್ಕಳೂ ಆ ಗಿರಾಕಿಗಳ ಪಟ್ಟಿಗೆ ಸೇರಿದ್ದಾರೆ.

ಹೋಗುವವರ ಮನಸ್ಸು ಒಳ್ಳೆಯದು, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ಅನಾಥಾಶ್ರಮಗಳಿಗೆ ಹೀಗೆ ಸ್ವಯಂಸೇವಕರಾಗಿ ಹೋಗುವುದು ಪೂರ್ತಿ ನಿಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸೇವೆ ಮಾಡಲು ಬರುವವರಿಗೆ ಬೇಕಾಗುವಷ್ಟು ಅನಾಥರು ಇಲ್ಲದ ಕಡೆ ಅನಾಥರನ್ನು ತಯಾರು ಮಾಡುವ ದಂಧೆ ಬೆಳೆದಿದೆ. ಅದಕ್ಕೆ ಬಂಡವಾಳ ಹೋಗುತ್ತಿರುವುದು ಈ ಒಳ್ಳೆಯ ಮನಸ್ಸಿನವರ ಜೇಬಿನಿಂದ.

ಕಾಂಬೋಡಿಯಾದ ಲೆಕ್ಕ ನೋಡಿ. 1975ರಿಂದ 1979ರವರೆಗಿನ ಖಮೇರ್ ರೂಜ್ ಆಡಳಿತ ಆ ದೇಶದಲ್ಲಿ ಲಕ್ಷಾಂತರ ಮಕ್ಕಳನ್ನು ನಿಜಕ್ಕೂ ಅನಾಥರನ್ನಾಗಿಸಿತ್ತು. ಆ ಮಕ್ಕಳೆಲ್ಲ ದೊಡ್ಡವರಾಗಿ, ಮದುವೆಯಾಗಿ, ತಾವೇ ತಂದೆ ತಾಯಿಯಾದ ಮೇಲೆ, 2005ರಿಂದ 2010ರ ನಡುವಿನ ಐದೇ ವರ್ಷಗಳಲ್ಲಿ, ಅನಾಥಾಶ್ರಮಗಳ ಸಂಖ್ಯೆ 154ರಿಂದ 269ಕ್ಕೆ ಏರಿತು. ಅನಾಥರನ್ನು ಹೆಚ್ಚಿಸುವಂಥ ಯುದ್ಧವಾಗಲಿ ಕ್ಷಾಮವಾಗಲಿ ಆಗ ಇರಲಿಲ್ಲ. ಹೆಚ್ಚಿದ್ದು ಅಂಗ್‌ಕೋರ್ ವಾಟ್ ದೇವಾಲಯ ನೋಡಲು ಬರುವವರ ಸಂಖ್ಯೆ. ದೇವಾಲಯದ ಪಕ್ಕದ ಊರು ಸಿಯೆಮ್ ರೀಪ್‌ನಲ್ಲಿ ಅನಾಥಾಶ್ರಮದ ಭೇಟಿಯೂ ಪ್ರವಾಸದ ಒಂದು ಭಾಗವಾಯಿತು. ಸಂಜೆ ಪ್ರವಾಸಿಗರ ಮುಂದೆ ಮಕ್ಕಳಿಂದ ಅಪ್ಸರಾ ನೃತ್ಯ ಮಾಡಿಸಿ, ಆಮೇಲೆ ದೇಣಿಗೆ ಡಬ್ಬಿ ಇಡುವ ಸಂಸ್ಥೆಗಳು ಹುಟ್ಟಿಕೊಂಡವು. ಯುನಿಸೆಫ್ ನೆರವಿನಿಂದ ನಡೆದ 2011ರ ಅಧ್ಯಯನ ಹೇಳಿದ್ದೇನು? ಈ ಆಶ್ರಮಗಳಲ್ಲಿದ್ದ ಪ್ರತಿ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು.

ಬದುಕಿರುವ ಅಪ್ಪ ಅಮ್ಮ ಮಕ್ಕಳನ್ನು ಏಕೆ ಕಳಿಸುತ್ತಾರೆ? ಇದಕ್ಕೆ ಉತ್ತರ ನೇಪಾಳದ ಹುಮ್ಲಾ ಜಿಲ್ಲೆಯಲ್ಲಿದೆ. ಟಿಬೆಟ್ ಗಡಿಗೆ ಅಂಟಿಕೊಂಡ ಬೆಟ್ಟದ ನಾಡು ಅದು. ಮಾವೋವಾದಿಗಳ ಯುದ್ಧ ನಡೆದ 1996ರಿಂದ 2006ರ ಕಾಲದಲ್ಲಿ ದೇಶದ ಉಳಿದ ಭಾಗದಿಂದ ಅಲ್ಲಿಗೆ ವಾಹನ ಹೋಗುವ ರಸ್ತೆ ಇರಲಿಲ್ಲ. ಸಿಮಿಕೋಟ್ ಎಂಬಲ್ಲಿ ಸಣ್ಣ ವಿಮಾನ ಇಳಿದರೆ ಅಲ್ಲಿಂದಾಚೆಗೆ ನಡಿಗೆಯೇ ಗತಿ. ಬಂಡುಕೋರರು ಮನೆ ಮಕ್ಕಳನ್ನು ಪಡೆಗೆ ಎಳೆದೊಯ್ಯುತ್ತಾರೆಂಬ ಭಯ ಒಂದು ಕಡೆ, ಊರಿನ ಶಾಲೆ ಮುಚ್ಚಿದ ಸಂಕಟ ಇನ್ನೊಂದು ಕಡೆ. ಆಗ ದಲ್ಲಾಳಿ ಬರುತ್ತಾನೆ. ಕಠ್ಮಂಡುವಿನಲ್ಲಿ ಒಳ್ಳೆಯ ಶಾಲೆಗೆ ಸೇರಿಸುತ್ತೇನೆ, ಇಂಗ್ಲಿಷ್ ಕಲಿಯುತ್ತಾನೆ, ದೊಡ್ಡ ಮನುಷ್ಯನಾಗಿ ಬರುತ್ತಾನೆ ಎನ್ನುತ್ತಾನೆ. ಅಪ್ಪ ಸಾಲ ಮಾಡಿ, ಇದ್ದ ತುಂಡು ಜಮೀನು ಮಾರಿ ದುಡ್ಡು ಕೊಡುತ್ತಾನೆ. ಮಗು ಕಠ್ಮಂಡು ತಲುಪುವ ಹೊತ್ತಿಗೆ ಆ ಅಪ್ಪ ಕಾಗದದ ಮೇಲೆ ಸತ್ತಿರುತ್ತಾನೆ. ನಿನಗೆ ಯಾರೂ ಇಲ್ಲ ಎಂದೇ ಹೇಳಬೇಕು ಎಂದು ಮಗುವಿಗೂ ಪಾಠವಾಗಿರುತ್ತದೆ.

ಅಮೆರಿಕದ ಕಾನರ್ ಗ್ರೆನ್ನನ್ 2004ರಲ್ಲಿ ಕಠ್ಮಂಡು ಕಣಿವೆಯ ಗೋದಾವರಿಯಲ್ಲಿದ್ದ 'ಲಿಟಲ್ ಪ್ರಿನ್ಸಸ್' ಎಂಬ ಮಕ್ಕಳ ಮನೆಗೆ ಸ್ವಯಂಸೇವಕನಾಗಿ ಬಂದಿದ್ದರು. ಅಲ್ಲಿರುವವರೆಲ್ಲ ಅನಾಥರು ಎಂದೇ ನಂಬಿದ್ದರು. ಒಂದು ದಿನ ಅಲ್ಲಿನ ಇಬ್ಬರು ಹುಡುಗರ ತಾಯಿಯೇ ಹುಡುಕಿಕೊಂಡು ಬಂದಳು. ಆಮೇಲೆ ಗ್ರೆನ್ನನ್ ಮಕ್ಕಳ ಫೋಟೊ ಹಿಡಿದು ಹುಮ್ಲಾದ ಊರೂರು ನಡೆದರು. ಒಂದಾದ ಮೇಲೊಂದು ಮನೆಯಲ್ಲಿ ಜೀವಂತ ತಂದೆ ತಾಯಿಯರು ಸಿಕ್ಕರು. ಹೆತ್ತವರು ತಮ್ಮ ಮಗು ಬೋರ್ಡಿಂಗ್ ಶಾಲೆಯಲ್ಲಿ ಓದುತ್ತಿದೆ ಎಂದುಕೊಂಡಿದ್ದರು. ನೇಪಾಳದಲ್ಲಿ ನೋಂದಣಿಯಾದ ಮಕ್ಕಳ ಮನೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಇದ್ದದ್ದು ಕಠ್ಮಂಡು, ಲಲಿತಪುರ, ಭಕ್ತಪುರ, ಚಿತ್ವನ್ ಮತ್ತು ಪೊಖರಾ ಇರುವ ಕಾಸ್ಕಿ ಎಂಬ ಐದು ಜಿಲ್ಲೆಗಳಲ್ಲಿ. ವಿದೇಶಿ ಪ್ರವಾಸಿಗರು ಹೆಚ್ಚಾಗಿ ಹೋಗುವ ಜಿಲ್ಲೆಗಳಲ್ಲಿ ಇವೂ ಸೇರಿವೆ. 2015ರ ಏಪ್ರಿಲ್ 25ರ ಭೂಕಂಪದ ನಂತರ ನೇಪಾಳ ಸರ್ಕಾರವು ಅನುಮತಿಯಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದಾಚೆ ಸಾಗಿಸುವುದನ್ನು ನಿಷೇಧಿಸಿ, ಹೊಸ ಮಕ್ಕಳ ಮನೆಗಳ ನೋಂದಣಿಯನ್ನೂ ತಡೆಹಿಡಿಯಿತು. ದುರಂತ ನಡೆದ ಕಡೆಗೆ ದಲ್ಲಾಳಿಗಳು ಧಾವಿಸುತ್ತಾರೆಂದು ಅಲ್ಲಿನ ಅಧಿಕಾರಿಗಳಿಗೆ ಅನುಭವದಿಂದ ಗೊತ್ತಿತ್ತು.

ಎಲ್ಲ ಸಂಸ್ಥೆಗಳೂ ಹೀಗಲ್ಲ ಎನ್ನುತ್ತಾರೆ. ನಿಜ, ಎಲ್ಲವೂ ಹೀಗಲ್ಲ. ಆದರೆ ಎರಡು ವಾರಕ್ಕೆ ಹೋಗುವ ಇಪ್ಪತ್ತರ ಯುವಕನಿಗೆ ಯಾವುದು ಹೇಗೆ ಎಂದು ತಿಳಿಯುವ ದಾರಿಯೇ ಇಲ್ಲ. ಹೊಟ್ಟೆ ತುಂಬ ಉಂಡು, ಇಸ್ತ್ರಿ ಅಂಗಿ ತೊಟ್ಟ ಮಗುವಿನ ಹೆಸರಿನಲ್ಲಿ ದೇಣಿಗೆ ಹುಟ್ಟುವುದಿಲ್ಲ. ಹಾಗಾಗಿ ಮಕ್ಕಳನ್ನು ಬೇಕೆಂದೇ ಬಡಕಲಾಗಿ, ಕೊಳಕಾಗಿ ಇರಿಸಿದ, ವಿದೇಶಿಯರು ಕೊಟ್ಟ ಪುಸ್ತಕ ಬಟ್ಟೆಗಳನ್ನು ಅವರು ಹೊರಟ ಮೇಲೆ ಕಿತ್ತುಕೊಂಡು ಮಾರಿದ ಪ್ರಕರಣಗಳು ಬೆಳಕಿಗೆ ಬಂದಿವೆ.

ಇನ್ನು ಇಂಗ್ಲಿಷ್ ಕಲಿಕೆಯ ವಿಚಾರ. ಹೊಸ ಸ್ವಯಂಸೇವಕಿ ಸೋಮವಾರ ಬರುತ್ತಾಳೆ. ಮಕ್ಕಳ ಹೆಸರು ಕೇಳುತ್ತಾಳೆ, ಬಣ್ಣಗಳನ್ನು ಹೇಳಿಕೊಡುತ್ತಾಳೆ, ಪ್ರಾಣಿಗಳ ಚಿತ್ರ ತೋರಿಸುತ್ತಾಳೆ, ತಲೆ ಭುಜ ಮೊಣಕಾಲು ಮುಟ್ಟಿಕೊಂಡು ಕುಣಿಯುವ ಹಾಡು ಹಾಡಿಸುತ್ತಾಳೆ. ಅವಳು ಹೋದ ಮೇಲೆ ಬಂದವನೂ ಹೆಸರು, ಬಣ್ಣ, ಪ್ರಾಣಿಗಳಿಂದಲೇ ಶುರುಮಾಡುತ್ತಾನೆ. ಹಿಂದಿನವಳು ಎಲ್ಲಿಗೆ ನಿಲ್ಲಿಸಿದಳೆಂದು ಯಾರೂ ಬರೆದಿಟ್ಟಿರುವುದಿಲ್ಲ. ವರ್ಷಗಟ್ಟಲೆ ಇಂಗ್ಲಿಷ್ ಕಲಿತ ಮಗುವಿಗೆ ಹಸಿರು, ಕೆಂಪು, ಆನೆ, ಹುಲಿ ಚೆನ್ನಾಗಿ ಬರುತ್ತವೆ. ಒಂದು ಪುಟ ಓದಿ ಅರ್ಥ ಮಾಡಿಕೊಳ್ಳಲು ಬರುವುದಿಲ್ಲ. ಬೆಂಗಳೂರಿನ ಯಾವ ಶಾಲೆಯಾದರೂ ಶಿಕ್ಷಕ ತರಬೇತಿ ಇಲ್ಲದ, ಪೊಲೀಸ್ ಪರಿಶೀಲನೆಯಾಗದ, ಕನ್ನಡವೂ ಬಾರದ ವಿದೇಶಿಯನ್ನು ಎರಡು ವಾರ ಒಂದನೇ ತರಗತಿಯಲ್ಲಿ ಬಿಟ್ಟರೆ ಪೋಷಕರು ಮರುದಿನವೇ ಗೇಟಿನ ಮುಂದೆ ನಿಲ್ಲುತ್ತಾರೆ. ನಮ್ಮ ಮಕ್ಕಳಿಗೆ ಒಪ್ಪದ್ದನ್ನು ಹುಮ್ಲಾದ ಮಕ್ಕಳಿಗೆ ಉಪಕಾರ ಎಂದು ಕೊಡುವುದು ಯಾವ ನ್ಯಾಯ? ಪರಿಶೀಲನೆ ಇಲ್ಲದೆ ಒಳಗೆ ಬಿಡುವ ಬಾಗಿಲಿನಿಂದ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗುವವರೂ ಬಂದಿದ್ದಾರೆ, ಜೈಲಿಗೂ ಹೋಗಿದ್ದಾರೆ.

ಹಿಂತಿರುಗಿದ ಎಲ್ಲರೂ ಹೇಳುವ ಒಂದು ಮಾತಿದೆ: ನಾವು ಹೋದ ಕ್ಷಣವೇ ಮಕ್ಕಳು ಓಡಿಬಂದು ತಬ್ಬಿಕೊಂಡರು, ಹೊರಡುವಾಗ ಅತ್ತರು. ಅದನ್ನು ಪ್ರೀತಿ ಎಂದುಕೊಂಡು ಅವರು ಮನೆಗೆ ಮರಳುತ್ತಾರೆ. ಮನೆಯಲ್ಲಿ ಬೆಳೆದ ನಾಲ್ಕು ವರ್ಷದ ಮಗು ಅಪರಿಚಿತರನ್ನು ಕಂಡರೆ ಅಮ್ಮನ ಸೀರೆ ಸೆರಗಿನ ಹಿಂದೆ ಅಡಗುತ್ತದೆ. ಅದು ಆರೋಗ್ಯದ ಲಕ್ಷಣ. ಕಂಡ ಕಂಡವರ ಮಡಿಲೇರುವ ಮಗು ತನ್ನವರು ಯಾರು ಎಂದು ಗೊತ್ತಿಲ್ಲದ ಮಗು, ಮಕ್ಕಳ ಮನೋವೈದ್ಯರು ಅದನ್ನು ಗಾಯವೆಂದೇ ಗುರುತಿಸುತ್ತಾರೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ವಿಜ್ಞಾನಿಗಳು 2000ದ ಸುಮಾರಿಗೆ ಆಶ್ರಮಗಳಲ್ಲಿದ್ದ 136 ಶಿಶುಗಳ ಅಧ್ಯಯನ ಆರಂಭಿಸಿದರು. ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟರು. ಕುಟುಂಬಕ್ಕೆ ಹೋದವರ ಬುದ್ಧಿಮತ್ತೆ, ಬಾಂಧವ್ಯ, ಮಿದುಳಿನ ಚಟುವಟಿಕೆ ಸುಧಾರಿಸಿತು; ಎರಡು ವರ್ಷ ತುಂಬುವ ಮೊದಲೇ ಹೋದವರಲ್ಲಿ ಇನ್ನೂ ಹೆಚ್ಚು. ಆಶ್ರಮದ ಮಗುವಿಗೆ ಬೇಕಾದದ್ದು ಬದಲಾಗದೆ ಉಳಿಯುವ ಒಬ್ಬ ದೊಡ್ಡವರು. ನಾವು ಕಳಿಸುತ್ತಿರುವುದು ತಿಂಗಳಿಗೊಮ್ಮೆ ಬದಲಾಗುವವರನ್ನು. ಮಗು ಪ್ರತಿ ತಿಂಗಳೂ ಒಮ್ಮೆ ಪರಿತ್ಯಕ್ತವಾಗುತ್ತದೆ.

ಅಲ್ಲಿ ಊಟವಾದರೂ ಸಿಗುತ್ತದಲ್ಲ ಎಂಬ ವಾದವನ್ನು ನಾನು ಹಗುರಾಗಿ ತಳ್ಳಿಹಾಕಲಾರೆ, ಹಸಿವು ದೊಡ್ಡದು. ಆದರೆ ಊಟ ಕೊಡಲು ಮಗುವನ್ನು ಮನೆಯಿಂದ ಕೀಳಬೇಕೇ? ತಾಂಜಾನಿಯಾದ ಕಗೇರಾ ಪ್ರದೇಶದಲ್ಲಿ ಲೆಕ್ಕ ಹಾಕಿದಾಗ ಸಾಕು ಕುಟುಂಬಕ್ಕೆ ನೆರವು ಕೊಡುವುದಕ್ಕಿಂತ ಆಶ್ರಮದಲ್ಲಿ ಮಗುವನ್ನಿಡಲು ಸುಮಾರು ಆರು ಪಟ್ಟು ಖರ್ಚಾಗುತ್ತಿತ್ತು. ಆಸ್ಟ್ರೇಲಿಯಾದ ತಾರಾ ವಿಂಕ್ಲರ್ ಕಾಂಬೋಡಿಯಾದ ಬಟಂಬಾಂಗ್‌ನಲ್ಲಿ ತಾವೇ ಅನಾಥಾಶ್ರಮ ತೆರೆದವರು. ಮಕ್ಕಳಲ್ಲಿ ಹೆಚ್ಚಿನವರಿಗೆ ಕುಟುಂಬವಿದೆ ಎಂದು ಗೊತ್ತಾದ ಮೇಲೆ ಅದೇ ಹಣವನ್ನು ಕುಟುಂಬಗಳಿಗೆ ಆಸರೆಯಾಗುವ ಕೆಲಸಕ್ಕೆ ತಿರುಗಿಸಿದರು, ಸ್ವಯಂಸೇವಕರೇ ಬರಬೇಡಿ ಎಂದು ಸಾರಿದರು. ನಿಜಕ್ಕೂ ಯಾರೂ ಇಲ್ಲದ, ಮನೆಯಲ್ಲಿ ಹಿಂಸೆ ಉಂಡ ಮಕ್ಕಳೂ ಇದ್ದಾರೆ. ಅವರಿಗೆ ಬೇಕಾದದ್ದು ಬಂಧುಗಳು, ಸಾಕು ಕುಟುಂಬ, ದತ್ತು, ತರಬೇತಿ ಪಡೆದ ಕಾಯಂ ಸಿಬ್ಬಂದಿ. ರಜೆಗೆ ಬರುವವರಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಆಸ್ಟ್ರೇಲಿಯಾದ ಸಂಸದೀಯ ಸಮಿತಿ 2017ರಲ್ಲೇ ಅನಾಥಾಶ್ರಮಗಳಿಗಾಗಿ ನಡೆಯುವ ಮಕ್ಕಳ ಸಾಗಣೆಯನ್ನು ಆಧುನಿಕ ಗುಲಾಮಗಿರಿಯ ಸಾಲಿಗೆ ಸೇರಿಸಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅನಾಥಾಶ್ರಮಗಳ ಸ್ವಯಂಸೇವಾ ಕಾರ್ಯಕ್ರಮಗಳಿಂದಾಗುವ ಹಾನಿಯನ್ನು ತಡೆಯಬೇಕೆಂದು ನಿರ್ಣಯಿಸಿತು. ಹೊರದೇಶಗಳ ಕೆಲವು ವಿಶ್ವವಿದ್ಯಾಲಯಗಳು ಹಿಂದೆ ಸರಿಯುತ್ತಿರುವ ಹೊತ್ತಿನಲ್ಲಿ ನಮ್ಮ ಕಾಲೇಜುಗಳು ಇದನ್ನು ಇಂಟರ್ನ್‌ಶಿಪ್ ಎಂದು ಒಪ್ಪಿ ಅಂಕ ಕೊಡಬಾರದು, ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ ಹೆಸರಿನಲ್ಲಿ ನೌಕರರನ್ನು ಕಳಿಸಬಾರದು. ಇದೇ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಹುಟ್ಟುಹಬ್ಬಕ್ಕೆ ಕೇಕ್ ಹಿಡಿದು ಆಶ್ರಮಕ್ಕೆ ಹೋಗಿ ಮಕ್ಕಳನ್ನು ಸಾಲಾಗಿ ಕೂರಿಸಿ ಫೋಟೊ ಹಾಕುವ ರೂಢಿ ಬೆಂಗಳೂರಿನಲ್ಲಿದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇಂಥ ಮಕ್ಕಳ ಗುರುತನ್ನು ಮಾಧ್ಯಮದಲ್ಲಿ ಬಯಲು ಮಾಡುವುದನ್ನು ನಿಷೇಧಿಸಿದೆ.

ಸೇವೆ ಮಾಡುವ ಹಂಬಲ ಇರುವವರಿಗೆ ಇಲ್ಲೇ ಕೆಲಸವಿದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಗಂಡ ಸತ್ತ, ಗಂಡ ಬಿಟ್ಟುಹೋದ ತಾಯಂದಿರ ಮಕ್ಕಳು ಮನೆಯಲ್ಲೇ ಇದ್ದು ಓದಲು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ನಗರದಲ್ಲಿ 96,000 ರೂಪಾಯಿ ಮೀರಿರಬಾರದು. ಈ ಯೋಜನೆಯ ಹೆಸರನ್ನೇ ಕೇಳದ ತಾಯಂದಿರು ಪ್ರತಿ ತಾಲ್ಲೂಕಿನಲ್ಲಿದ್ದಾರೆ; ಕೇಳಿದವರೂ ಆದಾಯ ಪ್ರಮಾಣಪತ್ರ, ಮರಣ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಹೊಂದಿಸಲಾಗದೆ ಕೈಬಿಡುತ್ತಾರೆ. ಇಂಗ್ಲಿಷ್, ಕಂಪ್ಯೂಟರ್ ಬಲ್ಲ ಹುಡುಗನೊಬ್ಬ ನಾಡಕಚೇರಿಯಲ್ಲಿ ಅವರ ಜೊತೆ ಸರತಿಯಲ್ಲಿ ನಿಂತು, ಅರ್ಜಿ ತುಂಬಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಟ್ಟು, ಹಣ ಖಾತೆಗೆ ಬರುವವರೆಗೆ ಬೆನ್ನುಹತ್ತಲಿ.