ಓಬವ್ವನ ದೃಶ್ಯ ತೋರಿಸಲು ಅಂಜಿಕೆ ಯಾಕೆ?

ಚಿತ್ರದುರ್ಗ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ,



2022ರಲ್ಲಿ ನಮ್ಮ ಮಾರಿಕಣಿವೆ ಜಲಾಶಯ 89 ವರ್ಷಗಳ ನಂತರ ಕೋಡಿ ಬಿತ್ತಲ್ಲ, ಆಗ ನನ್ನ ತರಗತಿಯ ಹುಡುಗನೊಬ್ಬ ಅಪ್ಪನ ಮೊಬೈಲಿನಲ್ಲಿ ವಿಡಿಯೊ ನೋಡಿ ಬಂದು, ‘ಡ್ಯಾಂ ಗೇಟೆಲ್ಲ ಎತ್ತಿದಾರೆ ಸಾರ್’ ಅಂದ. ಮಾರಿಕಣಿವೆಯ ನೀರು ಕೋಡಿ ಮೇಲೆ ಹರಿದು ಹೋಗುತ್ತದೆ. ವಿಡಿಯೊದಲ್ಲಿದ್ದ ಸಾಲುಗೇಟು ಅಲ್ಲಿಲ್ಲ. ಮರುದಿನ ಪತ್ರಿಕೆಯ ಫೋಟೊ ಜೆರಾಕ್ಸ್ ಮಾಡಿಸಿ ಹಂಚಿದೆ. ಎರಡನ್ನೂ ಹೋಲಿಸಿ ನೋಡಿದ ಮಕ್ಕಳೇ ಸುಳ್ಳನ್ನು ಹಿಡಿದರು. ಆ ವರ್ಷ ಅಷ್ಟು ಚೆನ್ನಾದ ಪಾಠ ನಾನು ಇನ್ನೊಂದು ಮಾಡಲಿಲ್ಲ.

ತರಬೇತಿಯೊಂದರಲ್ಲಿ ಇದನ್ನು ಹೇಳಿಕೊಂಡರೆ, ‘ಕಾಪಿರೈಟ್ ಕೇಸ್ ಆದರೆ ಯಾರ್ರೀ ಹೊಣೆ?’ ಎಂಬ ಮಾತು ಬಂತು. ಹೊಸದುರ್ಗ, ಹೊಳಲ್ಕೆರೆ ಕಡೆಯ ಗೆಳೆಯರು ಇದೇ ಅಂಜಿಕೆಯಿಂದ ಪತ್ರಿಕೆಯ ತುಣುಕು, ಸಿನಿಮಾ ಎರಡನ್ನೂ ಕೈಬಿಟ್ಟಿದ್ದಾರೆ.

ಕಾನೂನಿಗೆ ಇಲ್ಲದ ಸಿಟ್ಟು ನಮಗೇಕೆ? ಪಾಠ ಮಾಡುವಾಗ ಶಿಕ್ಷಕರೋ ವಿದ್ಯಾರ್ಥಿಗಳೋ ಕೃತಿಯನ್ನು ಪ್ರತಿ ಮಾಡಿಕೊಂಡರೆ ಉಲ್ಲಂಘನೆಯಲ್ಲ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮೇ ಹೇಳುತ್ತದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್‌ನಂಥ ಪ್ರಕಾಶಕರು 2012ರಲ್ಲಿ ದಾವೆ ಹೂಡಿದ್ದರು. ಬೋಧನೆಗೆ ಬೇಕಾದಷ್ಟನ್ನು ಪ್ರತಿ ಮಾಡಬಹುದೆಂದು 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಮರುವರ್ಷ ಪ್ರಕಾಶಕರೇ ದಾವೆ ವಾಪಸು ಪಡೆದರು.

ಸಿನಿಮಾಕ್ಕೂ ಅದೇ ಕಲಮಿನಲ್ಲಿ ದಾರಿಯಿದೆ: ಶಾಲೆಯ ಚಟುವಟಿಕೆಯಾಗಿ ತೋರಿಸಬೇಕು, ನೋಡುವವರು ಶಿಕ್ಷಕರು, ಮಕ್ಕಳು, ಪೋಷಕರು, ಶಾಲೆಗೆ ಸಂಬಂಧಪಟ್ಟವರು ಮಾತ್ರ ಇರಬೇಕು. ಓಬವ್ವ ಎಂದರೆ ಊರಿಗೆಲ್ಲ ಕಣ್ಣ ಮುಂದೆ ಬರುವುದು ‘ನಾಗರಹಾವು’ ಚಿತ್ರದ ಜಯಂತಿ. ತರಾಸು ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ಸಿನಿಮಾ ಅದು. ಅದರ ಓಬವ್ವನ ದೃಶ್ಯದಲ್ಲಿ ಚರಿತ್ರೆ ಎಷ್ಟು, ಕ್ಯಾಮೆರಾದ ಕೈಚಳಕ ಎಷ್ಟು? ಧ್ವನಿ ಆರಿಸಿ ನೋಡಿದರೂ ಮೈ ಜುಮ್ಮೆನ್ನುತ್ತದೆಯೇ? ಓಬವ್ವನ ಕಿಂಡಿಯಲ್ಲಿ ನುಸುಳಿ ಬಂದಿರುವ ನಮ್ಮ ಮಕ್ಕಳನ್ನು ಕೇಳದೆ ಇದನ್ನು ಇನ್ಯಾರನ್ನು ಕೇಳಬೇಕು!

ಅದೇ ದೃಶ್ಯವನ್ನು ಶಾಲೆಯ ಯೂಟ್ಯೂಬಿಗೆ ಹಾಕುವುದು, ಗೈಡನ್ನೇ ಪೂರ್ತಿ ಜೆರಾಕ್ಸ್ ಮಾಡಿಸಿ ಮಾರುವುದು ಬೇರೆ. ಅದಕ್ಕೆ ನನ್ನ ವಕಾಲತ್ತಿಲ್ಲ.

ಕೇಳುವುದಿಷ್ಟೇ: ಕಲಮಿನ ಸಂಖ್ಯೆ ನಮೂದಿಸಿ, ಯಾವುದು ಸರಿ, ಯಾವುದು ತಪ್ಪು ಎಂದು ತಿಳಿಗನ್ನಡದಲ್ಲಿ ಒಂದು ಪುಟದ ಸುತ್ತೋಲೆ ಕಳಿಸಿ. ಮುಖ್ಯ ಶಿಕ್ಷಕರು ಮೇಜಿನ ಗಾಜಿನಡಿ ಇಟ್ಟುಕೊಳ್ಳುತ್ತಾರೆ. ಅರ್ಧವಾರ್ಷಿಕ ಪರೀಕ್ಷೆಗೆ ಮೊದಲೇ ಬಂದರೆ ಈ ವರ್ಷದ ಮಕ್ಕಳಿಗೂ ದಕ್ಕುತ್ತದೆ.

ಇಂತಿ,
ಹಿರಿಯೂರು ತಾಲ್ಲೂಕಿನ ಒಬ್ಬ ಕನ್ನಡ ಮೇಷ್ಟ್ರು